ಹಾರಾಟದ ಮೊದಲ ಪಾಠಕ್ಕೆ ತಕ್ಕ ಸಲಕರಣೆ

ಶಾಲೆಗೆ ದಾನವಾಗಿ ಬರುವ ವಸ್ತುಗಳಲ್ಲಿ ಕೆಲವು ಮಕ್ಕಳ ಕೈಯಲ್ಲಿ ದಿನವೂ ಬಳಕೆಯಾಗಿ ಸವೆಯುತ್ತವೆ. ಕೆಲವು ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಹೊಸದಾಗಿಯೇ ಹಳೆಯದಾಗುತ್ತವೆ. ರೇಡಿಯೊ ನಿಯಂತ್ರಿತ ಮಾದರಿ ವಿಮಾನವು ಈ ಎರಡನೆಯ ಗುಂಪಿಗೆ ಬಹು ಬೇಗ ಸೇರುವ ವಸ್ತುವಾಗಿದೆ. ಊರಿನ ಮೇಲಣ ಅಭಿಮಾನದಿಂದ ಹಳೆಯ ವಿದ್ಯಾರ್ಥಿಯೊಬ್ಬರು ಯುದ್ಧವಿಮಾನದ ಆಕಾರದ ಅಂದವಾದ ಮಾದರಿಯನ್ನು ಕೊಂಡು ತರುತ್ತಾರೆ, ಅದು ಮೊದಲ ದಿನವೇ ನೆಲಕ್ಕಪ್ಪಳಿಸುತ್ತದೆ, ಬಿಡಿಭಾಗ ದೊರೆಯುವುದಿಲ್ಲ, ಉಳಿದುದು ವಿಜ್ಞಾನ ಪ್ರದರ್ಶನದ ಮೇಜಿಗೆ ಮೀಸಲಾಗುತ್ತದೆ. ದಾನಿಯ ಹಣವೂ, ಶಿಕ್ಷಕರ ಉತ್ಸಾಹವೂ, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಕುತೂಹಲವೂ ಹೀಗೆ ವ್ಯರ್ಥವಾಗುವುದು ವಿಷಾದದ ಸಂಗತಿ. ಈ ನಷ್ಟದ ಮೂಲವು ಬಹುಮಟ್ಟಿಗೆ ಆಯ್ಕೆಯಲ್ಲಿದೆ. ಆದುದರಿಂದ ಹಾರಾಟ ಕಲಿಯತೊಡಗುವವರಿಗೆ ಎಂತಹ ವಿಮಾನ, ಎಂತಹ ಪ್ರೇಷಕ, ಎಂತಹ ಬ್ಯಾಟರಿ ಬೇಕೆಂಬುದನ್ನು ಕಾರಣಸಹಿತವಾಗಿ ವಿವರಿಸುವುದು ಈ ಲೇಖನದ ಉದ್ದೇಶ. ಬಿದ್ದ ಮೇಲೆ ಇದನ್ನು ವಿದ್ಯಾರ್ಥಿಯೇ ಎತ್ತಿ, ಸರಿಪಡಿಸಿ, ಮತ್ತೆ ಹಾರಿಸಬಲ್ಲನೇ? ಆಯ್ಕೆಯ ಪ್ರತಿಯೊಂದು ಹಂತದಲ್ಲಿಯೂ ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ದಾರಿ ಸುಗಮವಾಗುವುದು.

ಸಂಕ್ಷಿಪ್ತ ಇತಿಹಾಸ

ತಂತಿಯ ಸಂಪರ್ಕವಿಲ್ಲದೆ ದೂರದಿಂದ ಯಂತ್ರವನ್ನು ನಡೆಸಬಹುದೆಂಬುದನ್ನು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಪುಟ್ಟ ದೋಣಿಯ ಮೂಲಕ ತೋರಿಸಿದನು. ಅದೇ ತತ್ತ್ವವನ್ನು ಮಾದರಿ ವಿಮಾನಕ್ಕೆ ಅಳವಡಿಸಿ ಹಾರಿಸಿದ ಮೊದಲಿಗರಲ್ಲಿ ಅಮೆರಿಕೆಯ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಪ್ರಮುಖರು. 1937ರಲ್ಲಿ ಮಿಷಿಗನ್ ಸಂಸ್ಥಾನದ ಕಲಮಜೂ ಎಂಬಲ್ಲಿ ಅವರು ಹಾರಿಸಿದ ‘ಗಫ್’ ಎಂಬ ವಿಮಾನವು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿದೆ. ಅಂದು ಉಪಕರಣಗಳೆಲ್ಲವನ್ನೂ ಹವ್ಯಾಸಿಯು ತಾನೇ ಜೋಡಿಸಿಕೊಳ್ಳಬೇಕಾಗಿತ್ತು. ಇಂದು ಎಲ್ಲವೂ ಸಿದ್ಧರೂಪದಲ್ಲಿ ದೊರೆಯುತ್ತದೆ. ಆದರೆ ಗಾಳಿಯ ನಿಯಮಗಳು ಬದಲಾಗಿಲ್ಲ. ಹಾರಿಸುವ ಕೈಯು ಕಲಿಯಬೇಕಾದ ಪಾಠವೂ ಬದಲಾಗಿಲ್ಲ.

ಶಿಕ್ಷಣ ವಿಮಾನ ಎಂದರೇನು?

ಕಲಿಯುವವರ ವಿಮಾನವೆಂದರೆ ಕೆಳದರ್ಜೆಯ ವಿಮಾನವೆಂದು ಭಾವಿಸುವುದು ತಪ್ಪು. ಅದು ಬೇರೊಂದು ಉದ್ದೇಶಕ್ಕಾಗಿ ರೂಪುಗೊಂಡ ಬೇರೊಂದು ಜಾತಿ. ಇದಕ್ಕೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೇ ಉತ್ತಮ ನಿದರ್ಶನ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡು 1951ರಲ್ಲಿ ಮೊದಲ ಬಾರಿ ಹಾರಿದ ಎಚ್‌ಟಿ-2 ವಿಮಾನವು ಶಿಕ್ಷಣ ವಿಮಾನವೇ ಆಗಿತ್ತು. ಒಂದರ ಹಿಂದೊಂದು ಎರಡು ಆಸನಗಳು. ಎರಡೂ ಆಸನಗಳಲ್ಲಿ ನಿಯಂತ್ರಣ ದಂಡಗಳು. ಶಿಷ್ಯನು ತಪ್ಪಿದರೆ ಗುರುವಿನ ಕೈ ಆ ಕ್ಷಣವೇ ನೆರವಿಗೆ ಬರುವಂತಹ ಏರ್ಪಾಡು. ಅದೇ ಸಂಸ್ಥೆಯು ಎಚ್‌ಟಿಟಿ-40 ಎಂಬ ಹೊಸ ಶಿಕ್ಷಣ ವಿಮಾನವನ್ನು 2016ರಲ್ಲಿ ಮೊದಲು ಹಾರಿಸಿತು. ಶಬ್ದವೇಗವನ್ನು ಮೀರಿ ಹಾರಬೇಕಾದ ಸೈನಿಕನೂ ಮೊದಲು ಸಾವಧಾನದ ವಿಮಾನದಲ್ಲಿಯೇ ಕುಳಿತು ಕಲಿಯುತ್ತಾನೆ. ಹೀಗಿರುವಾಗ ಎಂಟನೆಯ ತರಗತಿಯ ಬಾಲಕ ಬಾಲಕಿಯರ ಕೈಗೆ ಮೊದಲ ದಿನವೇ ಯುದ್ಧವಿಮಾನದ ಮಾದರಿಯನ್ನು ಕೊಡುವುದು ಯುಕ್ತವಲ್ಲ.

ಮಾದರಿ ವಿಮಾನಗಳಲ್ಲಿ ಶಿಕ್ಷಣ ವಿಮಾನವನ್ನು ಗುರುತಿಸುವ ಲಕ್ಷಣಗಳು ಮೂರು. ಮೊದಲನೆಯದು, ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರುವುದು. ಭಾರವು ರೆಕ್ಕೆಯ ಕೆಳಗಿರುವುದರಿಂದಲೂ, ಒಡಲಿನ ಸುತ್ತ ಗಾಳಿ ಹರಿಯುವ ಬಗೆಯಿಂದಲೂ ವಿಮಾನವು ಮಗುಚಿಕೊಳ್ಳದೆ ನೆಟ್ಟಗೆ ನಿಲ್ಲಲು ಯತ್ನಿಸುತ್ತದೆ. ಎರಡನೆಯದು, ರೆಕ್ಕೆಯ ತುದಿಗಳು ಬುಡಕ್ಕಿಂತ ಸ್ವಲ್ಪ ಮೇಲಕ್ಕೆ ಬಾಗಿರುವುದು. ವಿಮಾನವು ಒಂದು ಪಕ್ಕಕ್ಕೆ ವಾಲಿದಾಗ ಆ ಕಡೆಗೇ ಜಾರತೊಡಗುತ್ತದೆ. ಆಗ ಕೆಳಗಿಳಿದ ರೆಕ್ಕೆಗೆ ಗಾಳಿಯು ಹೆಚ್ಚಿನ ಕೋನದಲ್ಲಿ ತಾಗಿ ಅದನ್ನು ಮೇಲಕ್ಕೆತ್ತುತ್ತದೆ. ಹಾರಿಸುವವನು ಗಾಬರಿಯಿಂದ ಕೈಬಿಟ್ಟರೂ, ಸಾಕಷ್ಟು ಎತ್ತರವಿದ್ದರೆ, ಇಂತಹ ವಿಮಾನವು ತಾನಾಗಿಯೇ ಸಮತಲಕ್ಕೆ ಬರುವುದು. ಮೂರನೆಯದೂ ಅತಿ ಮುಖ್ಯವೂ ಆದುದು, ರೆಕ್ಕೆಹೊರೆ ಕಡಿಮೆಯಿರುವುದು.

ರೆಕ್ಕೆಹೊರೆಯ ಲೆಕ್ಕ

ವಿಮಾನದ ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದೇ ರೆಕ್ಕೆಹೊರೆ. ಉದಾಹರಣೆಗೆ, 140 ಸೆಂಟಿಮೀಟರ್ ಉದ್ದ ಮತ್ತು 20 ಸೆಂಟಿಮೀಟರ್ ಅಗಲದ ರೆಕ್ಕೆಯ ವಿಸ್ತೀರ್ಣ 2800 ಚದರ ಸೆಂಟಿಮೀಟರ್, ಅಂದರೆ 28 ಚದರ ಡೆಸಿಮೀಟರ್. ವಿಮಾನದ ತೂಕ ಒಂದು ಕಿಲೋಗ್ರಾಂ ಇದ್ದರೆ ಪ್ರತಿ ಚದರ ಡೆಸಿಮೀಟರಿಗೆ ಸುಮಾರು 36 ಗ್ರಾಂ ಹೊರೆ ಬೀಳುತ್ತದೆ. ಇಂತಹ ವಿಮಾನವು ಗಾಳಿಯಲ್ಲಿ ನಿಲ್ಲಲು ಬೇಕಾಗುವ ಕನಿಷ್ಠ ವೇಗ ಗಂಟೆಗೆ ಸುಮಾರು 27 ಕಿಲೋಮೀಟರ್. ಅಷ್ಟೇ ತೂಕದ, ಆದರೆ ಅರ್ಧದಷ್ಟೇ ರೆಕ್ಕೆಯುಳ್ಳ ವಿಮಾನದ ಹೊರೆ ಎರಡರಷ್ಟಾಗುತ್ತದೆ. ಕನಿಷ್ಠ ವೇಗವು ಹೊರೆಯ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಅದು ಗಂಟೆಗೆ ಸುಮಾರು 38 ಕಿಲೋಮೀಟರಿಗಿಂತ ನಿಧಾನವಾಗಿ ಹಾರಲಾರದು. ಹನ್ನೊಂದು ಕಿಲೋಮೀಟರಿನ ವ್ಯತ್ಯಾಸವೇನು ಮಹಾ ಎನಿಸಬಹುದು. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆಂಬುದನ್ನು ನಮ್ಮ ಭೌತಶಾಸ್ತ್ರದ ಶಿಕ್ಷಕರು ಪ್ರತಿವರ್ಷವೂ ಬೋಧಿಸುತ್ತಾರೆ. ಕನಿಷ್ಠ ವೇಗದಲ್ಲಿ ನೆಲಕ್ಕೆ ತಾಗಿದರೂ ಈ ಎರಡನೆಯ ವಿಮಾನವು ಹೊತ್ತು ತರುವ ಶಕ್ತಿ ಮೊದಲನೆಯದರ ಎರಡರಷ್ಟು. ಒಂದು ಗೀರಿಕೊಂಡು ಏಳುತ್ತದೆ. ಇನ್ನೊಂದು ಮುರಿದು ಬೀಳುತ್ತದೆ. ವೇಗ ಕಡಿಮೆಯಾದಷ್ಟೂ ಹಾರಿಸುವವನಿಗೆ ಯೋಚಿಸಲು ಹೆಚ್ಚು ಕಾಲ ದೊರೆಯುವುದು ಮತ್ತೊಂದು ಲಾಭ.

ನಮ್ಮ ನಾಡಿಗೆ ಅನ್ವಯಿಸುವ ಸೂಕ್ಷ್ಮವೊಂದು ಇಲ್ಲಿದೆ. ಧಾರವಾಡ, ಚಿತ್ರದುರ್ಗ, ತುಮಕೂರು, ಬೆಂಗಳೂರುಗಳು ಕಡಲ ಮಟ್ಟದಿಂದ 600 ರಿಂದ 900 ಮೀಟರುಗಳಷ್ಟು ಎತ್ತರದಲ್ಲಿವೆ. ಅಲ್ಲಿಯ ಗಾಳಿ ಕಡಲತೀರದ ಗಾಳಿಗಿಂತ ತೆಳುವಾದುದು. ಬೇಸಗೆಯ ಮಧ್ಯಾಹ್ನ ಇನ್ನೂ ತೆಳುವಾಗುತ್ತದೆ. ಆದುದರಿಂದ ಅದೇ ವಿಮಾನವು ಮಂಗಳೂರಿನಲ್ಲಿ ಹಾರುವುದಕ್ಕಿಂತ ಬಯಲುಸೀಮೆಯಲ್ಲಿ ತುಸು ಹೆಚ್ಚು ವೇಗದಿಂದಲೇ ಹಾರಬೇಕಾಗುತ್ತದೆ. ಎರಡು ವಿಮಾನಗಳ ನಡುವೆ ಆಯ್ಕೆ ಮಾಡುವಾಗ ಹಗುರವಾದುದನ್ನೇ ಆರಿಸಲು ಇದೂ ಒಂದು ಕಾರಣ.

ಒಡಲು ಯಾವುದರಿಂದ ಆಗಿರಬೇಕು?

ಹಿಂದೆ ಬಾಲ್ಸಾ ಎಂಬ ಹಗುರ ಮರದಿಂದ ವಿಮಾನ ಕಟ್ಟುವುದೇ ವಾಡಿಕೆಯಾಗಿತ್ತು. ಆ ಕೆಲಸದಿಂದ ಕೈಗೆ ಬರುವ ಶಿಸ್ತು ಅಮೂಲ್ಯವಾದುದು. ಆದರೆ ವಾರಗಟ್ಟಲೆ ಕಟ್ಟಿದ ವಿಮಾನವು ಮೊದಲ ಹಾರಾಟದಲ್ಲಿಯೇ ಪುಡಿಯಾದರೆ ಮಗುವಿನ ಮನಸ್ಸೂ ಮುರಿಯುತ್ತದೆ. ಆದ್ದರಿಂದ ಹಾರಿಸಲು ಕಲಿಯುವವರೆಗೆ ಬಾಗುವ ಗುಣವುಳ್ಳ ನೊರೆ ಪದಾರ್ಥದ ವಿಮಾನವೇ ಲೇಸು. ಇಪಿಪಿ ಎಂಬ ನೊರೆಯು ಬಡಿದರೆ ಬಾಗಿ ಹಿಂದಕ್ಕೆ ಬರುತ್ತದೆ; ಇಪಿಒ ಎಂಬುದು ಹೆಚ್ಚು ಗಟ್ಟಿ ಹಾಗೂ ನುಣುಪು, ಮುರಿದರೂ ಅಂಟಿಸಲು ಸುಲಭ. ಸಾಮಾನ್ಯ ಥರ್ಮೋಕೋಲ್ ಅಗ್ಗವಾದರೂ ಬೇಗ ಪುಡಿಯಾಗುತ್ತದೆ. ಅದಕ್ಕೆ ಸಾಧಾರಣ ಶೀಘ್ರಾಂಟನ್ನು ಹಚ್ಚಿದರೆ ಕರಗಿಹೋಗುತ್ತದೆ. ನೊರೆಗೆ ತಕ್ಕ ಅಂಟನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ಸೂಚನಾ ಫಲಕಗಳಿಗೆ ಬಳಸುವ ಪೊಳ್ಳು ಪ್ಲಾಸ್ಟಿಕ್ ಹಾಳೆಯಿಂದಲೂ ವಿಮಾನ ಕಟ್ಟಬಹುದು. ಪೇಟೆಯಲ್ಲಿ ಅದನ್ನು ಸನ್‌ಪ್ಯಾಕ್ ಹಾಳೆ ಎಂದು ಕರೆಯುವರು. ತೂಕ ಸ್ವಲ್ಪ ಹೆಚ್ಚಾದರೂ ಅದು ಸುಲಭವಾಗಿ ಮುರಿಯದು. ಹರಿತವಾದ ಚಾಕು, ಅಳತೆಪಟ್ಟಿ, ಬಿಸಿ ಅಂಟು ಇವಿಷ್ಟಿದ್ದರೆ ತರಗತಿಯಲ್ಲಿಯೇ ಕಟ್ಟಬಹುದು. ಕೊಂಡ ವಿಮಾನವೊಂದರಲ್ಲಿ ಹಾರಾಟ ಕಲಿತು, ಎರಡನೆಯ ವಿಮಾನವನ್ನು ಮಕ್ಕಳೇ ಇಂತಹ ಹಾಳೆಯಿಂದ ಕಟ್ಟುವುದು ಉತ್ತಮ ಕ್ರಮ. ರೆಕ್ಕೆಯನ್ನು ಒಡಲಿಗೆ ತಿರುಪಿನಿಂದ ಬಿಗಿಯುವುದಕ್ಕಿಂತ ರಬ್ಬರ್ ಪಟ್ಟಿಗಳಿಂದ ಕಟ್ಟುವುದು ಕಲಿಯುವವರಿಗೆ ಹಿತ. ನೆಲಕ್ಕೆ ಬಡಿದಾಗ ರೆಕ್ಕೆ ಕಳಚಿ ಬೀಳುತ್ತದೆ. ಹಾಗೆ ಬೀಳುವುದರಿಂದಲೇ ಉಳಿಯುತ್ತದೆ.

ಮೂರು ನಿಯಂತ್ರಣವೋ, ನಾಲ್ಕೋ?

ಮೋಟಾರಿನ ವೇಗ, ಮೂಗನ್ನು ಮೇಲಕ್ಕೂ ಕೆಳಕ್ಕೂ ನಡೆಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ಚುಕ್ಕಾಣಿ ಈ ಮೂರೇ ಇರುವ ವಿಮಾನವನ್ನು ಮೂರು ಚಾನೆಲ್ ವಿಮಾನವೆನ್ನುವರು. ರೆಕ್ಕೆಯನ್ನು ವಾಲಿಸುವ ಏಲೆರಾನ್ ಸೇರಿದರೆ ನಾಲ್ಕಾಗುತ್ತವೆ. ಗುರುವಿನ ನೆರವಿಲ್ಲದೆ ಕಲಿಯಬೇಕಾದವರಿಗೆ ಮೂರು ಚಾನೆಲ್ ಸಾಕು. ಬಾಗಿದ ರೆಕ್ಕೆಯೇ ಉಳಿದ ಕೆಲಸವನ್ನು ಮಾಡಿಕೊಳ್ಳುತ್ತದೆ. ಬಲ್ಲವರು ಪಕ್ಕದಲ್ಲಿ ನಿಂತು ಕಲಿಸುವಂತಿದ್ದರೆ ನಾಲ್ಕು ಚಾನೆಲಿನಿಂದಲೇ ಆರಂಭಿಸಬಹುದು. ವಿಮಾನವನ್ನು ತಾನಾಗಿಯೇ ಸಮತಲಕ್ಕೆ ತರುವ ವಿದ್ಯುನ್ಮಾನ ಸಾಧನಗಳು ಈಗ ಬಂದಿವೆ. ಊರುಗೋಲಾಗಿ ಅವು ಒಳ್ಳೆಯವೇ. ಆದರೆ ಬೇಕಾದಾಗ ಅದನ್ನು ನಿಲ್ಲಿಸುವ ಗುಂಡಿಯಿರುವುದನ್ನೇ ಕೊಳ್ಳಬೇಕು. ಊರುಗೋಲನ್ನು ಎಂದಾದರೊಂದು ದಿನ ಬಿಡದೆ ನಡಿಗೆ ಬಾರದು.

ಪ್ರೇಷಕ: ಹಣವನ್ನು ಹೂಡಬೇಕಾದ ಸ್ಥಳ

ವಿಮಾನಗಳು ಮುರಿಯುತ್ತವೆ, ಕೈಯಲ್ಲಿ ಹಿಡಿಯುವ ಪ್ರೇಷಕ ಅಥವಾ ಟ್ರಾನ್ಸ್‌ಮಿಟರ್ ಹಲವು ವರ್ಷ ಬಾಳುತ್ತದೆ. ಆದ್ದರಿಂದ ದಾನದ ಹಣದಲ್ಲಿ ದೊಡ್ಡ ಪಾಲು ಇದಕ್ಕೇ ಸಲ್ಲಬೇಕು. ಆಟಿಕೆಯಂತಹ ವಿಮಾನದೊಂದಿಗೆ ಬರುವ ಪ್ರೇಷಕವು ಅನೇಕ ವೇಳೆ ಆ ಒಂದು ವಿಮಾನಕ್ಕಷ್ಟೇ ಹೊಂದುತ್ತದೆ. ವಿಮಾನ ಹೋದ ದಿನ ಅದೂ ನಿರುಪಯೋಗಿ. ಪ್ರತ್ಯೇಕವಾಗಿ ಕೊಂಡ ಆರು ಅಥವಾ ಹೆಚ್ಚು ಚಾನೆಲಿನ ಪ್ರೇಷಕವಾದರೋ ಹತ್ತಾರು ವಿಮಾನಗಳ ವಿವರಗಳನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲದು.

ಹಿಂದಿನ ಪ್ರೇಷಕಗಳಲ್ಲಿ ಒಂದೇ ಆವರ್ತಾಂಕವನ್ನು ಇಬ್ಬರು ಬಳಸಿದರೆ ವಿಮಾನವು ನಿಯಂತ್ರಣ ತಪ್ಪಿ ಬೀಳುತ್ತಿತ್ತು. ಮೈದಾನದ ಹಲಗೆಗೆ ಹೆಸರಿನ ಚೀಟಿ ಸಿಕ್ಕಿಸಿ, ಸರದಿ ಕಾಯಬೇಕಾಗಿತ್ತು. 2005ರ ಸುಮಾರಿಗೆ 2.4 ಗಿಗಾಹರ್ಟ್ಸ್ ಪಟ್ಟಿಯ ಪ್ರೇಷಕಗಳು ಹವ್ಯಾಸಿಗಳ ಕೈಗೆ ಬಂದ ಮೇಲೆ ಈ ತೊಡಕು ಬಹುತೇಕ ನಿವಾರಣೆಯಾಯಿತು. ಪ್ರತಿ ಪ್ರೇಷಕವೂ ತನ್ನ ಗ್ರಾಹಕದೊಂದಿಗೆ ಮಾತ್ರ ಸಂಬಂಧ ಕಲ್ಪಿಸಿಕೊಳ್ಳುವುದರಿಂದ ಹಲವರು ಒಟ್ಟಿಗೆ ಹಾರಿಸಬಹುದಾಗಿದೆ.

ಕೊಳ್ಳುವಾಗ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ಮೊದಲನೆಯದು, ಕೋಲುಗಳ ಜೋಡಣೆ. ಎಡಗೋಲಿನಲ್ಲಿ ಮೋಟಾರಿನ ವೇಗ ಮತ್ತು ಚುಕ್ಕಾಣಿ, ಬಲಗೋಲಿನಲ್ಲಿ ಎಲಿವೇಟರ್ ಮತ್ತು ಏಲೆರಾನ್ ಇರುವುದನ್ನು ಎರಡನೆಯ ಕ್ರಮವೆನ್ನುವರು. ಎಲಿವೇಟರ್ ಎಡಕ್ಕೂ ಮೋಟಾರು ಬಲಕ್ಕೂ ಇರುವುದು ಒಂದನೆಯ ಕ್ರಮ. ಎರಡರಲ್ಲಿ ಯಾವುದಾದರೂ ಆಗಬಹುದು. ಆದರೆ ಕಲಿಸುವವರು ಮತ್ತು ಕಲಿಯುವವರೆಲ್ಲರೂ ಒಂದೇ ಕ್ರಮವನ್ನು ಅನುಸರಿಸಬೇಕು. ಎರಡನೆಯದು, ಗುರುಶಿಷ್ಯ ಜೋಡಣೆಯ ಸೌಲಭ್ಯ. ಎರಡು ಪ್ರೇಷಕಗಳನ್ನು ತಂತಿಯಿಂದಲೋ ನಿಸ್ತಂತುವಾಗಿಯೋ ಜೋಡಿಸಿ, ಗುರುವು ಗುಂಡಿಯೊತ್ತಿದಾಗ ಮಾತ್ರ ಶಿಷ್ಯನ ಕೋಲು ವಿಮಾನವನ್ನು ನಡೆಸುವಂತೆಯೂ, ಬಿಟ್ಟೊಡನೆ ಅಧಿಕಾರ ಗುರುವಿಗೆ ಮರಳುವಂತೆಯೂ ಇದರಲ್ಲಿ ಏರ್ಪಡಿಸಬಹುದು. ಎಚ್‌ಟಿ-2 ವಿಮಾನದ ಜೋಡಿ ನಿಯಂತ್ರಣದ ತತ್ತ್ವವೇ ಇದು. ಶಾಲೆಯಲ್ಲಿ ಕಲಿಸುವುದಾದರೆ ಈ ಸೌಲಭ್ಯವು ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ಮೂರನೆಯದು, ಸಂಪರ್ಕ ಕಡಿದುಹೋದರೆ ಮೋಟಾರು ತಾನಾಗಿಯೇ ನಿಲ್ಲುವ ವ್ಯವಸ್ಥೆ.

ಗಣಕಯಂತ್ರದ ಮೇಲೆ ಮೊದಲ ಬೀಳುವಿಕೆ

ಮಾದರಿ ವಿಮಾನದ ಹಾರಾಟದಲ್ಲಿ ಒಂದು ವಿಶೇಷ ತೊಡಕಿದೆ. ವಿಮಾನವು ನಮ್ಮಿಂದ ದೂರ ಸಾಗುವಾಗ ಕೋಲನ್ನು ಬಲಕ್ಕೆ ದೂಡಿದರೆ ಅದು ನಮ್ಮ ಬಲಕ್ಕೇ ತಿರುಗುತ್ತದೆ. ನಮ್ಮೆಡೆಗೆ ಬರುವಾಗಲಾದರೋ ಅದರ ಬಲವು ನಮ್ಮ ಎಡವಾಗಿರುತ್ತದೆ. ಈ ಗೊಂದಲದಲ್ಲಿಯೇ ಹೊಸಬರ ಅನೇಕ ವಿಮಾನಗಳು ಬೀಳುತ್ತವೆ. ನಮ್ಮೆಡೆಗೆ ಬರುತ್ತಿರುವ ವಿಮಾನದ ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಪಕ್ಕಕ್ಕೆ ಕೋಲನ್ನು ದೂಡುವುದು ಅನುಭವಿಗಳು ಹೇಳುವ ಉಪಾಯ. ಓದಿ ತಿಳಿಯುವುದು ಸುಲಭ. ಬೆರಳಿಗೆ ತಿಳಿಯಲು ಅಭ್ಯಾಸ ಬೇಕು. ಪ್ರೇಷಕವನ್ನು ಗಣಕಯಂತ್ರಕ್ಕೆ ಜೋಡಿಸಿ, ಪರದೆಯ ಮೇಲೆ ವಿಮಾನವನ್ನು ಹಾರಿಸುವ ಸಿಮ್ಯುಲೇಟರ್ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ಅಲ್ಲಿ ನೂರು ಸಲ ಬಿದ್ದರೂ ಖರ್ಚಿಲ್ಲ. ಮಳೆಗಾಲದಲ್ಲಿ ಮೈದಾನ ಕೆಸರಾದಾಗಲೂ ಪಾಠ ನಿಲ್ಲುವುದಿಲ್ಲ. ಶಾಲೆಯ ಗಣಕಯಂತ್ರ ಕೊಠಡಿಗೆ ಇದೊಂದು ಸಾರ್ಥಕ ಕೆಲಸವಾದೀತು.

ಬ್ಯಾಟರಿ ಮತ್ತು ಎಚ್ಚರಿಕೆ

ಇಂದಿನ ಮಾದರಿ ವಿಮಾನಗಳಿಗೆ ಲಿಥಿಯಂ ಪಾಲಿಮರ್ ಬ್ಯಾಟರಿಯೇ ಪ್ರಾಣ. ಅದರ ಪ್ರತಿ ಕೋಶದ ಸಾಮಾನ್ಯ ವೋಲ್ಟೇಜ್ 3.7, ಪೂರ್ಣ ತುಂಬಿದಾಗ 4.2. ಒಂದು ಕಿಲೋಗ್ರಾಂ ತೂಕದ ಶಿಕ್ಷಣ ವಿಮಾನಕ್ಕೆ ಮೂರು ಕೋಶಗಳ, ಅಂದರೆ 11.1 ವೋಲ್ಟಿನ, 2200 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ ಸಾಮಾನ್ಯ. ಅದರ ಐದನೆಯ ಒಂದು ಪಾಲನ್ನು ಉಳಿಸಿಕೊಂಡು ಇಳಿಸುವುದು ನಿಯಮ. ಸರಾಸರಿ 10 ಆಂಪಿಯರ್ ವಿದ್ಯುತ್ ಬಳಕೆಯಾದರೆ ಹಾರಾಟದ ಕಾಲ ಸುಮಾರು ಹತ್ತು ನಿಮಿಷ. ಮತ್ತೆ ತುಂಬಲು ಬೇಕಾಗುವುದು ಸುಮಾರು ಒಂದು ಗಂಟೆ. ದಾನಿಗಳು ಈ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಒಂದೇ ಬ್ಯಾಟರಿಯಿದ್ದರೆ ಇಪ್ಪತ್ತು ಮಕ್ಕಳ ತಂಡವು ಹತ್ತು ನಿಮಿಷ ಆಕಾಶವನ್ನೂ ಒಂದು ಗಂಟೆ ಗೋಡೆಯನ್ನೂ ನೋಡುತ್ತಿರಬೇಕಾಗುವುದು. ಎರಡನೆಯ ವಿಮಾನಕ್ಕಿಂತ ಮೂರು ಬ್ಯಾಟರಿಗಳೇ ಹೆಚ್ಚು ಪ್ರಯೋಜನಕಾರಿ.

ಈ ಬ್ಯಾಟರಿಗಳು ಉದಾಸೀನವನ್ನು ಸಹಿಸುವುದಿಲ್ಲ. ಕೋಶಗಳನ್ನು ಸಮನಾಗಿ ತುಂಬುವ ಚಾರ್ಜರನ್ನೇ ಬಳಸಬೇಕು. ವಿಮಾನದಿಂದ ಹೊರತೆಗೆದು, ಕಣ್ಣೆದುರಿನಲ್ಲಿಯೇ, ಕಲ್ಲುಹಾಸಿನ ಮೇಲೆ ತುಂಬಬೇಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ಟು ಇರಬೇಕು. ಉಬ್ಬಿದ ಅಥವಾ ಜಜ್ಜಿಹೋದ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ರಜೆಯ ದಿನಗಳಲ್ಲಿ ಪ್ರತಿ ಕೋಶವನ್ನು 3.8 ವೋಲ್ಟಿನ ಸುಮಾರಿಗೆ ಇಟ್ಟು ಕಾಪಾಡಬೇಕು. ಈ ಕೆಲಸವನ್ನು ಒಬ್ಬ ಶಿಕ್ಷಕರ ಹೊಣೆಯಾಗಿ ನಿಯಮಿಸುವುದು ಕ್ಷೇಮ.

ತಿರುಗುವ ಪಂಖದ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಒಂದು ವೋಲ್ಟಿಗೆ 1000 ಸುತ್ತಿನ ಮೋಟಾರಿಗೆ ಮೂರು ಕೋಶದ ಬ್ಯಾಟರಿ ಸೇರಿಸಿದರೆ, ಹೊರೆಯಿಲ್ಲದಿರುವಾಗ ಅದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುತ್ತದೆ. ಅದು ಬೆರಳನ್ನು ಸೀಳಬಲ್ಲದು. ಕೊಠಡಿಯೊಳಗೆ ಪರೀಕ್ಷೆ ನಡೆಸುವಾಗ ಪಂಖವನ್ನು ಕಳಚಿಡತಕ್ಕದ್ದು. ಬ್ಯಾಟರಿ ಜೋಡಿಸಿದ ಕ್ಷಣದಿಂದ ಅದರ ಮುಂದೆ ಯಾರೂ ನಿಲ್ಲಬಾರದು.

ಹಾರಿಸುವ ಮುನ್ನ

ಹೊಸ ವಿಮಾನವನ್ನು ಮೊದಲು ಸಮತೋಲದ ಪರೀಕ್ಷೆಗೆ ಒಳಪಡಿಸಬೇಕು. ತಯಾರಕರು ಬೇರೆ ಅಳತೆ ಕೊಡದಿದ್ದರೆ, ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದಾಗ ವಿಮಾನವು ಸಮವಾಗಿ ನಿಲ್ಲಬೇಕು. 20 ಸೆಂಟಿಮೀಟರ್ ಅಗಲದ ರೆಕ್ಕೆಯಲ್ಲಿ ಇದು 5 ರಿಂದ 6.5 ಸೆಂಟಿಮೀಟರ್. ಬಾಲ ಭಾರವಾದ ವಿಮಾನವನ್ನು ನಿಪುಣರೂ ಹಾರಿಸಲಾರರು. ಬ್ಯಾಟರಿಯನ್ನು ತುಸು ಮುಂದಕ್ಕೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಳಿಕ ಪ್ರತಿ ನಿಯಂತ್ರಣವೂ ಸರಿಯಾದ ದಿಕ್ಕಿಗೆ ಚಲಿಸುವುದನ್ನು ನೋಡಿಕೊಳ್ಳಬೇಕು.

ಕಾಲ ಮತ್ತು ಸ್ಥಳವೂ ಸಲಕರಣೆಯಷ್ಟೇ ಮುಖ್ಯ. ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿಯ ಗಾಳಿಯ ಬಲವನ್ನು ನಂಬಿಯೇ. ಮುಂಗಾರಿನ ತಿಂಗಳುಗಳ ಆ ಗಾಳಿಯು ಹಗುರ ವಿಮಾನಕ್ಕೆ ವೈರಿ. ಚಳಿಗಾಲದ ಬೆಳಗಿನ ಶಾಂತ ಹೊತ್ತೇ ಮೊದಲ ಪಾಠಕ್ಕೆ ಪ್ರಶಸ್ತ. ಜನಸಂದಣಿ, ರಸ್ತೆ, ವಿದ್ಯುತ್ ತಂತಿಗಳಿಲ್ಲದ ವಿಶಾಲ ಬಯಲು ಬೇಕು. ಶಾಲೆಯ ಆಟದ ಮೈದಾನವು ಅನೇಕ ವೇಳೆ ಸಾಲದು. ಕಟಾವಾದ ಹೊಲವು ಮೇಲು.

ಕಾನೂನಿನ ತಿಳಿವಳಿಕೆಯೂ ಅವಶ್ಯ. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಡ್ರೋನ್ ನಿಯಮಾವಳಿಯು ರೆಕ್ಕೆಯುಳ್ಳ ದೂರನಿಯಂತ್ರಿತ ವಿಮಾನಗಳನ್ನೂ ಒಳಗೊಂಡಿದೆ. 250 ಗ್ರಾಂವರೆಗಿನವು ಒಂದು ವರ್ಗ. ಅದಕ್ಕೆ ಮೇಲ್ಪಟ್ಟು ಎರಡು ಕಿಲೋಗ್ರಾಂವರೆಗಿನವು ಇನ್ನೊಂದು. ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ವಿಮಾನ ನಿಲ್ದಾಣ ಹಾಗೂ ಸೈನ್ಯದ ನೆಲೆಗಳ ಸಮೀಪದಲ್ಲಿ ಹಾರಿಸಬಾರದು. ಹಾರಿಸುವ ಮುನ್ನ ಆ ಸ್ಥಳದ ವಲಯವನ್ನೂ, ನೋಂದಣಿಯ ಬಗ್ಗೆ ಅಂದು ಜಾರಿಯಲ್ಲಿರುವ ನಿಯಮವನ್ನೂ ವಿಚಾರಿಸಿಕೊಂಡು, ಸ್ಥಳೀಯ ಪೊಲೀಸ್ ಠಾಣೆಗೆ ತಿಳಿಸಿ ಮುಂದುವರಿಯುವುದು ವಿವೇಕ. ರಾಷ್ಟ್ರೀಯ ಕೆಡೆಟ್ ದಳದ ವಾಯು ವಿಭಾಗದ ಶಿಕ್ಷಣದಲ್ಲಿ ಮಾದರಿ ವಿಮಾನ ವಿದ್ಯೆಯೂ ಒಂದು ಅಂಗವಾಗಿದೆ. ಹತ್ತಿರದಲ್ಲಿ ಅಂತಹ ಘಟಕವಿದ್ದರೆ ಅವರ ಮಾರ್ಗದರ್ಶನ ಪಡೆಯಬಹುದು.

ದಾನಿಗಳಲ್ಲಿ ವಿನಂತಿ

ಮೇಲಿನ ವಿವರಗಳ ಸಾರವನ್ನು ಒಂದು ಪಟ್ಟಿಯಾಗಿ ಹೇಳುವುದಾದರೆ: ಗುರುಶಿಷ್ಯ ಜೋಡಣೆಯುಳ್ಳ ಎರಡು ಪ್ರೇಷಕಗಳು, ಒಂದು ಸಿಮ್ಯುಲೇಟರ್, ಮೇಲ್ರೆಕ್ಕೆಯ ನೊರೆ ವಿಮಾನ ಒಂದು, ಬ್ಯಾಟರಿ ಮೂರು, ಒಳ್ಳೆಯ ಚಾರ್ಜರ್ ಒಂದು, ಅರ್ಧ ಡಜನ್ ಪಂಖಗಳು, ರಬ್ಬರ್ ಪಟ್ಟಿ, ಅಂಟು, ನಾರಿನ ಟೇಪು, ಮತ್ತು ಸನ್‌ಪ್ಯಾಕ್ ಹಾಳೆಗಳ ಒಂದು ಕಟ್ಟು. ಇದರಲ್ಲಿ ವಿಮಾನವು ಕೇವಲ ಒಂದು ಬಾಬು; ವೆಚ್ಚದ ಬಹುಭಾಗವು ಬಾಳಿಕೆ ಬರುವ ಉಪಕರಣಗಳಿಗೆ ಸಲ್ಲುತ್ತದೆ. ಮೊದಲ ವಿಮಾನ ಹಾಳಾದ ಮೇಲೂ ಈ ಪೆಟ್ಟಿಗೆ ಬರಿದಾಗುವುದಿಲ್ಲ. ಒಬ್ಬರೇ ಇಷ್ಟನ್ನೂ ಕೊಡಬೇಕೆಂದಿಲ್ಲ. ಒಂದು ವರ್ಷದ ಹಳೆಯ ವಿದ್ಯಾರ್ಥಿಗಳು ಕೂಡಿ ಕೊಡಬಹುದು. ಮುಂದಿನ ವರ್ಷದವರು ಅಂಟು, ಹಾಳೆ, ಬ್ಯಾಟರಿಗಳ ಖರ್ಚನ್ನು ವಹಿಸಿಕೊಳ್ಳಬಹುದು.

ಕಾಯಕ ಮತ್ತು ದಾಸೋಹಗಳ ನೆರಳಿನಲ್ಲಿ ಬೆಳೆದ ಸಂಸ್ಥೆ ನಮ್ಮದು. ಮುರಿದ ರೆಕ್ಕೆಯನ್ನು ತನ್ನ ಕೈಯಾರೆ ಅಂಟಿಸಿ, ಸಮತೋಲ ನೋಡಿ, ಮರುವಾರ ಮತ್ತೆ ಹಾರಿಸುವ ವಿದ್ಯಾರ್ಥಿಯು ಕಾಯಕದ ಅರ್ಥವನ್ನು ವ್ಯಾಖ್ಯಾನವಿಲ್ಲದೆ ಗ್ರಹಿಸುತ್ತಾನೆ. ಪಡೆದವರು ಬಳಸಿ ಬೆಳೆಯುವಂತೆ ಅರಿತು ಕೊಡುವುದು ದಾಸೋಹಕ್ಕೆ ಒಪ್ಪುವ ರೀತಿ. ಬೀರುವಿನಲ್ಲಿ ಹೊಳೆಯುವ ವಿಮಾನಕ್ಕಿಂತ, ಮೈತುಂಬ ತೇಪೆ ಹಾಕಿಸಿಕೊಂಡು ಇನ್ನೂ ಹಾರುತ್ತಿರುವ ವಿಮಾನವು ಶಾಲೆಗೆ ಹೆಚ್ಚಿನ ಭೂಷಣ. ಅಂತಹುದೊಂದು ವಿಮಾನವು ಮುಂದಿನ ಚಳಿಗಾಲದ ಬೆಳಗಿನಲ್ಲಿ ನಮ್ಮ ಮಕ್ಕಳ ಕೈಯಿಂದ ಏಳಲೆಂದು ಹಾರೈಸುತ್ತೇನೆ.